ಸೀತವ್ವನ ಸೀಟು

ಸೀತವ್ವನಿಗೆಂದು ಮಾತು ಕೊಟ್ಟಿದ್ದ ಸೀಟಿನಲ್ಲಿ ಬೆಳಿಗ್ಗೆ ಪ್ರಲ್ಹಾದರಾಯರು ಬಂದು ಕೂತರು.

ವಿಮಾನದಲ್ಲಿ ಇದ್ದದ್ದೇ ಎರಡು ಸೀಟು. ಎಡಗಡೆಯದು ಹಾರಿಸುವವನದು. ಹಾರಿಸುವವನು ಗೌತಮ, ತಿಕೋಟಾದ ಸೀತವ್ವನ ಮಗ. ಸರಕಾರದ ವಿದ್ಯಾರ್ಥಿವೇತನದ ಮೇಲೆ ಮಹಾರಾಷ್ಟ್ರದ ಒಂದು ಹಾರಾಟ ಶಾಲೆಯಲ್ಲಿ ಕಲಿತು, ಅಲ್ಲೇ ನೌಕರಿಗೆ ನಿಂತವನು. ಬಲಗಡೆಯ ಸೀಟಿಗಾಗಿಯೇ ಅವನು ಈ ಕೆಲಸ ಒಪ್ಪಿಕೊಂಡಿದ್ದ.

ಕೆಲಸ ದೊಡ್ಡದೇನಲ್ಲ. ನಿವೃತ್ತ ಎಂಜಿನಿಯರ್ ಪ್ರಲ್ಹಾದರಾಯರ ಪತ್ತಿನ ಸಂಘದ ಹೊಸ ಶಾಖೆ ತಿಕೋಟಾದಲ್ಲಿ ಶುರುವಾಗುವುದಿತ್ತು. ಅದೇ ವೇದಿಕೆಯ ಮೇಲೆ ರಾಯರಿಗೆ ಅಭಿನಂದನೆ. ಅವರು ಕುರ್ಚಿಯಲ್ಲಿ ಕೂತಾಗ ಆಕಾಶದಿಂದ ಹೂ ಸುರಿಯಬೇಕೆಂಬುದು ಪತ್ನಿ ಆನಂದೀಬಾಯಿಯವರ ಆಸೆ. ಬಾಡಿಗೆ ವಿಮಾನ ಹುಡುಕುತ್ತ ಹೋದವರಿಗೆ ಸಿಕ್ಕ ಪೈಲಟ್, ತಮ್ಮ ದ್ರಾಕ್ಷಿ ತೋಟದಲ್ಲಿ ಕೂಲಿ ಮಾಡಿದ ಸೀತವ್ವನ ಮಗನೇ ಎಂದು ಗೊತ್ತಾದಾಗ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದರು. ಗೌತಮ ಒಂದೇ ಶರತ್ತು ಹಾಕಿದ: "ಹೂ ಚೆಲ್ಲಾಕಿ ನಮ್ಮವ್ವ."

"ಆಗ್ಲೇಳಪಾ, ಆಕಿನೂ ನಮ್ಮಾಕಿನ ಅಲ್ಲೇನು" ಎಂದು ರಾಯರು ಎದೆ ಮುಟ್ಟಿಕೊಂಡು ಹೇಳಿದ್ದರು.

ಸೀತವ್ವನ ಹುರುಪು ಕೇಳಬಾರದು. "ದ್ರಾಕ್ಷಿ ಚಪ್ಪರ ಕೆಳಗಿಂದ ನೋಡಿ ನೋಡಿ ಕುತಗಿ ಸೊಟ್ಟ ಆಗೇತಿ. ಒಮ್ಮೆ ಮ್ಯಾಲಿಂದ ನೋಡ್ತೇನಿ" ಎಂದು ಓಣಿಗೆಲ್ಲ ಸಾರಿಬಂದಿದ್ದಳು. ಇಸ್ತ್ರಿ ಮಾಡಿದ ಬಿಳಿ ಸೀರೆ ಉಟ್ಟು, ಬುತ್ತಿ ಕಟ್ಟಿಕೊಂಡು, ತನ್ನ ತಮ್ಮ ಮರೆಪ್ಪನ ಟಂಟಂ ಆಟೋದಲ್ಲಿ ಎಲ್ಲರಿಗಿಂತ ಮೊದಲು ಬಂದು ಇಳಿದಿದ್ದಳು.

ಆದರೆ ಆನಂದೀಬಾಯಿಯವರಿಗೆ ಅಥಣಿ ರಸ್ತೆಯ ಬಂಗಲೆಯಿಂದ ಕಾರು ಹೊರಟ ಮೇಲೆ ಜ್ಞಾನೋದಯವಾಯಿತು.

"ಅಲ್ರೀ, ಕಾರ್ಯಕ್ರಮ ನಮ್ಮದು, ಹೂ ನಮ್ಮದು. ಮ್ಯಾಲೆ ಕೂಡಾಕಿ ಸೀತವ್ವನs?"

"ನನ್ನ ಕುರ್ಚಿ ಮ್ಯಾಲೆ ನಾನೇ ಹೂ ಹಾಕೋದು ಹ್ಯಾಂಗ?"

"ಮತ್ತ ಇನ್ಯಾರು ಹಾಕ್ತಾರ ನಿಮಗ?"

ವಿಮಾನದ ಹತ್ತಿರ ಕಾರು ನಿಂತದ್ದೇ ರಾಯರು ಇಳಿದರು. ಬ್ಲೇಜರಿನ ಗುಂಡಿ ಹಾಕಿಕೊಂಡು, ಕರಿ ಕನ್ನಡಕ ಏರಿಸಿ, ನೇರ ಬಂದು ಸೀಟಿನಲ್ಲಿ ಕೂತು ಬೆಲ್ಟು ಬಿಗಿದುಕೊಂಡರು. "ಸೀತವ್ವಂದು ಆಮ್ಯಾಲೆ ನೋಡೋಣಪಾ" ಎಂದರು.

ಸಂಜೆಯೊಳಗೆ ವಿಮಾನ ಶಾಲೆಗೆ ವಾಪಸಾಗಬೇಕು. ಆಮೇಲೆ ಅನ್ನುವುದೇ ಇಲ್ಲ. ಗೌತಮನ ಕಿವಿ ಕೆಂಪಾದವು. ಬಾಡಿಗೆಯ ಮಾತು ಶಾಲೆಯ ಮಾಲೀಕರದು, ತಾನು ಸಂಬಳದವನು, ಇಲ್ಲವೆನ್ನುವಂತಿಲ್ಲ. ಅವ್ವನ ಕಡೆ ನೋಡಿದ. ಸೀತವ್ವ ಬನ್ನಿ ಗಿಡದ ಬುಡಕ್ಕೆ ಕೂತು, ನಿನ್ನ ಕೆಲಸ ನೋಡು ಎಂಬಂತೆ ಕೈ ಆಡಿಸಿದಳು.

ಅವನ ಕೆಲಸವೆಂದರೆ ಮೊದಲು ವಿಮಾನವನ್ನು ಸುತ್ತುವುದು. ಸಂತೆಯಲ್ಲಿ ಎಮ್ಮೆ ಕೊಳ್ಳುವವನು ಹಲ್ಲಿನಿಂದ ಬಾಲದವರೆಗೆ ನೋಡುತ್ತಾನಲ್ಲ, ಹಾಗೆ. ಬಾಗಿಲಿನಿಂದ ಹೊರಟು, ಬಾಲ ಮುಟ್ಟಿ, ಬಲ ರೆಕ್ಕೆ ಅಲುಗಿಸಿ, ಎಂಜಿನ್ನಿನ ಎಣ್ಣೆ ನೋಡಿ, ಮೂಗಿನ ಪಂಖದ ಅಂಚಿಗೆ ಬೆರಳಾಡಿಸಿ, ಎಡ ರೆಕ್ಕೆಯ ಕೆಳಗಿನಿಂದ ವಾಪಸ್ ಬಾಗಿಲಿಗೆ. ಕಲಿಸಿದ ನಸ್ರೀನ ಮೇಡಂ ತಲೆಯಲ್ಲಿ ಮೊಳೆ ಹೊಡೆದಂತೆ ಹೇಳಿ ಕಳಿಸಿದ್ದರು: ಸುತ್ತುವಾಗ ಯಾರೇ ಮಾತಾಡಿಸಲಿ, ನೀನು ಬಾಯಿ ತೆರೆದೆಯೋ, ಮತ್ತೆ ಮೊದಲಿನಿಂದ ಸುತ್ತು. ಕೈ ನಟ್ಟಿನ ಮೇಲಿದ್ದು ಮನಸ್ಸು ಮಾತಿನ ಮೇಲಿದ್ದರೆ ಆ ನಟ್ಟು ನೋಡಿದ ಲೆಕ್ಕಕ್ಕಿಲ್ಲ. ಮೇಲೆ ಹೋದ ಮೇಲೆ ಗಾಡಿ ಬದಿಗೆ ಹಚ್ಚಿ ಇಳಿಯಲು ಅಲ್ಲಿ ಬದಿಯೇ ಇಲ್ಲ.

ಮೇಡಂ ಹೇಳಿದ್ದು ಸರಿಯೇ. ಆದರೆ ಅವರು ಬಬಲೇಶ್ವರ ನೋಡಿರಲಿಲ್ಲ.

ವಿಮಾನ ನಿಂತಿದ್ದ ಜಾಗ ಬಬಲೇಶ್ವರ ಸೀಮೆಯದು. ಜೈನಾಪುರ ದಾಟಿದ ಮೇಲೆ, ಎಂದೋ ಮುಚ್ಚಿಹೋದ ಕಾರ್ಖಾನೆಯೊಂದು ಬಿಟ್ಟುಹೋದ ರನ್‌ವೇ ಅದು. ಅಲ್ಲಿ ತೊಗರಿ ಒಣಗುವುದನ್ನು, ಮೆಣಸಿನಕಾಯಿ ಒಣಗುವುದನ್ನು ಜನ ಕಂಡಿದ್ದರು, ವಿಮಾನ ಕಂಡಿರಲಿಲ್ಲ. ಹೀಗಾಗಿ ತಿಕೋಟಾದ ಶಾಮಿಯಾನದ ಕುರ್ಚಿಗಳು ಖಾಲಿ ಉಳಿದು, ಕೂಡಬೇಕಾದವರೆಲ್ಲ ಇಲ್ಲಿಗೇ ಬಂದಿದ್ದರು. ಗಾಂಧಿ ಚೌಕದ ಮೈಕ್‌ಸೆಟ್ಟಿನ ಇಮ್ರಾನ ಧ್ವನಿವರ್ಧಕದ ಒಂದು ಭೋಂಗಾವನ್ನು ಬನ್ನಿ ಗಿಡಕ್ಕೇ ಕಟ್ಟಿ, ಇಲ್ಲಿಯ ಸುದ್ದಿಯನ್ನು ಫೋನಿನ ಮೇಲೆ ತಿಕೋಟಾದ ವೇದಿಕೆಗೂ ಮುಟ್ಟಿಸುತ್ತಿದ್ದ.

ಗೌತಮ ಬಾಲದ ಹತ್ತಿರ ಬಂದಿದ್ದನಷ್ಟೇ. ಇಮ್ರಾನ ಮೈಕನ್ನು ಅವನ ಮೂಗಿನ ಕೆಳಗೆ ಹಿಡಿದ.

"ಬಂಧುಗಳೇ, ನಮ್ಮ ತಿಕೋಟಾದ ಹೆಮ್ಮೆಯ ಪೈಲಟ್ ಸಾಹೇಬ್ರು ಈಗ ವಿಮಾನದ ಬಾಲ ಹಿಡದು ಜಗ್ಗಾಕತ್ತಾರ! ಸಾಹೇಬ್ರ, ಯಾಕ್ರೀ ಜಗ್ಗಾಕತ್ತೀರಿ?"

"ಆಮ್ಯಾಲೆ ಹೇಳ್ತೇನೋ ಮಾರಾಯಾ."

ಬಾಯಿ ತೆರೆದಾಗಿತ್ತು. ಗೌತಮ ನಾಲಿಗೆ ಕಚ್ಚಿಕೊಂಡು ಮೊದಲಿನಿಂದ ಹೊರಟ.

ಎರಡನೆಯ ಸುತ್ತಿಗೆ ಮರೆಪ್ಪ ಅಡ್ಡ ಬಂದ. ಜೀವಮಾನವಿಡೀ ಟಂಟಂ ಓಡಿಸಿದ ಅವನಿಗೆ, ಗಾಲಿ ಇರುವ ಯಾವ ವಸ್ತುವೂ ತನಗೆ ತಿಳಿಯದ್ದಲ್ಲ ಎಂಬ ಭರವಸೆ. ಮುಂದಿನ ಗಾಲಿಗೆ ಚಪ್ಪಲಿಗಾಲಿನಿಂದ ಧಡ್ ಧಡ್ ಎಂದು ಒದ್ದ.

"ಅಳಿಯಾ, ಹವಾ ಕಮ್ಮಿ ಐತಿ."

ಗೌತಮ ಬಾಯಿ ಬಿಗಿಹಿಡಿದು ಮುಂದೆ ಸರಿದ.

"ಅಳಿಯಾ, ಸೀಟಿನ ಹಿಂದ ಜಾಗಾ ಖಾಲಿ ಇತ್ತು. ಹೂವಿನ ಚೀಲ ಇನ್ನೂ ನಾಕು ತುರುಕೇನಿ. ಹಂಗs ಒಂದು ಡಬ್ಬಿ ಒಣದ್ರಾಕ್ಷಿ. ನಿಮ್ಮ ಮೇಡಮ್ಮಗ ಕೊಡು."

"ಇದು ಟಂಟಂ ಅಲ್ಲ ಮಾವಾ! ಭಾರ ಹೆಚ್ಚಾದ್ರ ಏಳಂಗಿಲ್ಲಿದು!"

"ಏಳಲಿಲ್ಲಂದ್ರ ಹಿಂದಿಂದ ನಾವು ದಬ್ಬತೇವಿ, ಅದಕ್ಯಾಕ ಅಂಜತಿ?"

ನೀರು ಚಿಮುಕಿಸಿದ ಚೆಂಡುಹೂವಿನ ಚೀಲಗಳನ್ನು ಗೌತಮ ಒಂದೊಂದಾಗಿ ಎಳೆದು ಹೊರಗೆ ಹಾಕಿದ. ರಾಯರು ಕೂತಲ್ಲಿಂದಲೇ "ಹೂ ಕಡಿಮಿ ಮಾಡಬ್ಯಾಡೋ" ಎಂದರು. ಮತ್ತೆ ಮೊದಲಿನಿಂದ.

ಮೂರನೆಯ ಸುತ್ತಿನಲ್ಲಿ ಎಡ ರೆಕ್ಕೆಯ ಕೆಳಗೆ ಬಗ್ಗಿದ ಗೌತಮನ ಮೂಗಿಗೆ ಹೊಗೆ ಬಡಿಯಿತು. ರೆಕ್ಕೆಯ ಕೆಳಗೆ ಬೆರಳು ಗಾತ್ರದ ಒಂದು ನಳಿಕೆ ಇರುತ್ತದೆ. ಗಾಳಿ ಅದರೊಳಗೆ ಹೊಕ್ಕರೆ ಮಾತ್ರ ವಿಮಾನ ಎಷ್ಟು ಜೋರು ಹೊರಟಿದೆ ಎಂದು ಒಳಗಿನ ಮುಳ್ಳು ತೋರಿಸುತ್ತದೆ. ಆ ನಳಿಕೆಯಲ್ಲಿ ಈಗ ಎರಡು ಊದಿನಕಡ್ಡಿ ಉರಿಯುತ್ತಿದ್ದವು. ಒಂದು ಮೊಳ ಮೇಲೆ, ರೆಕ್ಕೆಯ ಹೊಟ್ಟೆಯಲ್ಲಿ, ಪೆಟ್ರೋಲು.

ಗೌತಮ ಕಡ್ಡಿ ಕಿತ್ತು, ನೆಲಕ್ಕೆ ಹಾಕಿ, ಬೂಟಿನಿಂದ ಹೊಸಕಿದ.

"ಅಯ್ಯ! ಊದಿನಕಡ್ಡಿ ತುಳದ್ಯಲ್ಲೋ!" ಆನಂದೀಬಾಯಿ ಆರತಿ ತಾಟು ಹಿಡಿದು ಓಡಿ ಬಂದರು. ವಿಮಾನದ ಮೂಗಿಗೆ ಅವರು ಆಗಲೇ ಕುಂಕುಮ ಬಳಿದು, ಪಂಖಕ್ಕೆ ಹಾರ ಸುತ್ತಿ, ಗಾಲಿಗಳ ಮುಂದೆ ಲಿಂಬೆಹಣ್ಣು ಇಟ್ಟಿದ್ದರು.

"ಬಾಯಾರ, ಇದರಾಗ ಕಡ್ಡಿ ಚುಚ್ಚಿದವರು ಯಾರ್ರೀ?"

"ನಾನs. ಕಡ್ಡಿ ಹಚ್ಚಲಿಕ್ಕಂತs ತೂತು ಮಾಡ್ಯಾರಲ್ಲ?"

"ಅದು ಗಾಳಿ ಹೋಗಾಕ್ರೀ! ಬೂದಿ ಕುಂತ್ರ ಮ್ಯಾಲ ಹೋದಾಗ ಮುಳ್ಳು ಸುಳ್ಳು ಹೇಳತೈತ್ರಿ!"

"ದೇವರ ಹೊಗಿ ಹೋದ್ರ ಛೊಲೋನs ಆಗ್ತದ ಬಿಡು."

ನಳಿಕೆ ಊದಿ, ಬೂದಿ ತೆಗೆದು, ಹಾರ ಬಿಚ್ಚಿ, ಲಿಂಬೆಹಣ್ಣುಗಳನ್ನು ಮರೆಪ್ಪನ ಜೇಬಿಗೆ ತುರುಕಿ ಗೌತಮ ಮತ್ತೆ ಬಾಗಿಲಿಗೆ ಬಂದ. ಎರಡು ಸಲ ಅಡ್ಡ ಮಾತು ಬಂದದ್ದೇ ಒಳ್ಳೆಯದಾಯಿತು ಎನ್ನಿಸಿತು. ಮೊದಲ ಸುತ್ತಿಗೇ ಮುಗಿಸಿ ಏರಿದ್ದರೆ ಈ ಕಡ್ಡಿ ಕಣ್ಣಿಗೆ ಬೀಳುತ್ತಿರಲಿಲ್ಲ. ಮೇಡಮ್ಮಿಗೆ ಮನಸ್ಸಿನಲ್ಲೇ ಕೈ ಮುಗಿದ.

ಅವನು ಮನಸ್ಸಿನಲ್ಲಿ ಮುಗಿದದ್ದು ಹೊರಗೂ ಕಂಡಿರಬೇಕು. ಆ ಗಳಿಗೆಯಿಂದ ಜನ ಬೇರೆಯೇ ಕಣ್ಣಿನಿಂದ ನೋಡತೊಡಗಿದರು. ಪೈಲಟ್ಟು ಮಾತಾಡುವುದಿಲ್ಲ. ಸುತ್ತುತ್ತಾನೆ, ಬಗ್ಗುತ್ತಾನೆ, ಮುಟ್ಟುತ್ತಾನೆ, ಮತ್ತೆ ಸುತ್ತುತ್ತಾನೆ. ಇದು ಹರಕೆಯೇ ಹೌದು! ಯಾರೋ ಒಬ್ಬರು ಚಪ್ಪಲಿ ಬಿಟ್ಟು ಅವನ ಹಿಂದೆ ನಡೆದರು. ಅವರ ಹಿಂದೆ ಇನ್ನೊಬ್ಬರು. ಗೌತಮ ರೆಕ್ಕೆ ಮುಟ್ಟಿದರೆ ಸಾಲೆಲ್ಲ ರೆಕ್ಕೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡಿತು.

"ಭಕ್ತಾದಿಗಳು ಗದ್ದಲ ಮಾಡಬಾರದು, ಸಾಲಿನ್ಯಾಗ ಬರಬೇಕು" ಎಂದು ಇಮ್ರಾನ ಅಭ್ಯಾಸಬಲದಿಂದ ಹೇಳಿಬಿಟ್ಟ. ಭೋಂಗಾದಲ್ಲಿ ಬಂದ ಮೇಲೆ ಅದು ಸರಕಾರಿ ಆದೇಶವಿದ್ದ ಹಾಗೆ. ಇಡೀ ಮೈದಾನ ಸಾಲು ಹಚ್ಚಿತು.

ಆನಂದೀಬಾಯಿಯವರು ಮಾತ್ರ ಸೊಂಟದ ಮೇಲೆ ಕೈಯಿಟ್ಟು ನಿಂತರು. "ಗೌತಮಾ, ಉಲ್ಟಾ ಸುತ್ತಲಿಕ್ಕತ್ತೀಯಲ್ಲೋ! ಹಿಂಗ ಎಡಸುತ್ತು ಹಾಕಬಾರದು. ಬಲಕ್ಕ ಸುತ್ತು!"

"ನಮ್ಮ ಸಾಲ್ಯಾಗ ಹಿಂಗs ಕಲಿಸ್ಯಾರ್ರೀ."

"ಎಂಥಾ ಸಾಲಿನೋ ಅದು!"

ಅವರು ತಾವೇ ಬಲಕ್ಕೆ ಹೊರಟರು. ಅರ್ಧ ಜನ ಅವರ ಹಿಂದೆ, ಅರ್ಧ ಜನ ಗೌತಮನ ಹಿಂದೆ. ಎರಡೂ ಸಾಲು ವಿಮಾನದ ಬಾಲದ ಹತ್ತಿರ ಮುಖಾಮುಖಿಯಾಗಿ, ಗಾಂಧಿ ಚೌಕದಲ್ಲಿ ಆಟೋಗಳು ಸಿಕ್ಕಿಕೊಂಡ ಹಾಗೆ ಸಿಕ್ಕಿಕೊಂಡವು. ಹಿಂದೆ ಸರಿಯಲು ಯಾರೂ ಒಪ್ಪಲಿಲ್ಲ. ಮರೆಪ್ಪ ನಡುವೆ ನಿಂತು ಪೀಪಿ ಊದಿ ಟ್ರಾಫಿಕ್ಕು ಬಿಡಿಸಿದ. ಗೌತಮ ಮತ್ತೆ ಮೊದಲಿನಿಂದ.

ಇನ್ನು ಪೆಟ್ರೋಲು ನೋಡುವುದಿತ್ತು. ಟಾಂಕಿಯ ತಳದಲ್ಲಿ ನೀರು ಕೂತಿದ್ದರೆ ಎಂಜಿನ್ನು ನಡು ಆಕಾಶದಲ್ಲಿ ಕೆಮ್ಮಿ ನಿಲ್ಲುತ್ತದೆ. ಅದಕ್ಕೇ ರೆಕ್ಕೆಯ ಕೆಳಗಿನಿಂದ ಒಂದಿಷ್ಟನ್ನು ಸಣ್ಣ ಗಾಜಿನ ಬಟ್ಟಲಿಗೆ ಬಸಿದು, ಬಿಸಿಲಿಗೆ ಹಿಡಿದು ನೋಡಬೇಕು. ಗೌತಮ ಮಂಡಿಯೂರಿ ಬಸಿದ. ಎರಡೂ ಕೈಯಿಂದ ಬಟ್ಟಲನ್ನು ಸೂರ್ಯನತ್ತ ಎತ್ತಿದ. ತಿಳಿನೀಲಿ ಬಣ್ಣ ಫಳಫಳ ಹೊಳೆಯಿತು.

ಸಾಲಿನಲ್ಲಿದ್ದವರೆಲ್ಲ ಕೈ ಮುಗಿದರು.

ಅವನು ಬಟ್ಟಲು ಇಳಿಸಿದಾಗ ಎದುರಿಗೆ ಒಂದು ಅಂಗೈ ಇತ್ತು. ಬಲಗೈ, ನಡುವೆ ಕುಳಿ ಮಾಡಿ, ಕೆಳಗೆ ಸೆರಗು ಹಿಡಿದ ಅಂಗೈ. ಆನಂದೀಬಾಯಿಯವರದು. ತೋಟದಲ್ಲಿ ಸೀತವ್ವ ನೀರು ಕೇಳಿದಾಗಲೆಲ್ಲ, ಮೈಲಿಗೆ ತಾಕೀತೆಂದು ಎತ್ತರದಿಂದ ತಂಬಿಗೆ ಬಗ್ಗಿಸಿದ ಕೈ ಅದೇ.

"ಗೌತಮಪ್ಪಾ, ನನಗೂ ಸ್ವಲ್ಪ ಕೊಡಪಾ ತೀರ್ಥ."

"ಪೆಟ್ರೋಲ್ ಐತ್ರಿ ಇದು!"

"ಇರ್ಲಿ, ನಿನ್ನ ಕೈಲಿಂದ ಒಂದು ಹನಿ ಹಾಕು. ಇಷ್ಟು ಮಂದಿ ನಿಂತಾರ, ಇಲ್ಲ ಅನಬಾರದು."

ಬನ್ನಿ ಗಿಡದ ಬುಡದಲ್ಲಿ ಸೀತವ್ವ ಸೆರಗು ಬಾಯಿಗೆ ತುರುಕಿಕೊಂಡು ನಗತೊಡಗಿದಳು. ನಕ್ಕು ನಕ್ಕು ಬಿಳಿ ಸೀರೆಯಲ್ಲೇ ಮಣ್ಣಿನ ಮೇಲೆ ಒರಗಿದಳು. ಗೌತಮ ಬಟ್ಟಲನ್ನು ಮೂಗಿನ ಹತ್ತಿರ ಹಿಡಿದು ವಾಸನೆ ತೋರಿಸಿದ ಮೇಲೆಯೇ ಆನಂದೀಬಾಯಿ ಕೈ ಹಿಂದೆ ತೆಗೆದದ್ದು. ಹಿಂದೆ ನಿಂತಿದ್ದವರಿಗೆ ಬಹಳ ಬೇಜಾರಾಯಿತು.

ಇಷ್ಟೆಲ್ಲ ಆಗುವಾಗ ಪ್ರಲ್ಹಾದರಾಯರು ಗಾಜಿನ ಗೂಡಿನೊಳಗೆ, ಬ್ಲೇಜರಿನಲ್ಲಿ, ಬಿಸಿಲಿಗೆ ಒಣಹಾಕಿದ ದ್ರಾಕ್ಷಿಯಂತೆ ಕುಗ್ಗುತ್ತಿದ್ದರು. ಮೊದಲೆರಡು ಸುತ್ತು ಅವರು ಜನರತ್ತ ಕೈಬೀಸಿದ್ದರು. ಮೂರನೆಯದಕ್ಕೆ ಕನ್ನಡಕ ತೆಗೆದರು. ಈಗ ಕಿಟಕಿಯಿಂದ ಕುತ್ತಿಗೆ ಹೊರಗೆ ಹಾಕಿದರು.

"ಗೌತಮಾ, ಖರೇ ಹೇಳು. ಏನು ಕೆಟ್ಟದ?"

"ಏನೂ ಕೆಟ್ಟಿಲ್ರಿ ಸಾಹೇಬ್ರ."

"ಮತ್ತ ಅದs ಗಾಲಿ ಎಷ್ಟು ಸಲ ನೋಡ್ತಿ? ನಾ ಇಡೀ ಸರ್ವೀಸಿನ್ಯಾಗ ಹಳ್ಳದ ಮ್ಯಾಲೆ ಕಟ್ಟಿಸಿದ ಒಂದು ಪೂಲು ಎರಡನೇ ಸಲ ನೋಡಿಲ್ಲ, ಗೊತ್ತದ ಏನು?"

"ಮೊದಲನೇ ಸಲ ನೋಡಿದ್ರೇನ್ರಿ ಯಪ್ಪಾ?" ಎಂದು ಸಾಲಿನಿಂದ ಯಾರೋ ಕೇಳಿದರು. ಮೈದಾನ ಗೊಳ್ಳೆಂದಿತು. ಇಮ್ರಾನ ಮೈಕು ಆರಿಸುವುದನ್ನು ಮರೆತಿದ್ದ, ತಿಕೋಟಾದಲ್ಲೂ ನಕ್ಕರಂತೆ.

ರಾಯರ ಕೈ ಬೆಲ್ಟಿನ ಕೊಂಡಿಯ ಮೇಲೆ ಹೋಯಿತು. ಗೌತಮ ಇನ್ನೊಂದು ಸುತ್ತಿಗೆ ಹೊರಟಿದ್ದೇ ತಡ, ಕೊಂಡಿ ಬಿಚ್ಚಿತು. ಅವರು ನೆಲಕ್ಕೆ ಇಳಿದು, ಬ್ಲೇಜರು ಜಾಡಿಸಿ, ಮೈಕು ಇಸಿದುಕೊಂಡರು.

"ಬಂಧುಗಳೇ, ನಾನು ಮ್ಯಾಲೆ ಹೋದರ ತಿಕೋಟಾದಾಗ ನನ್ನ ಕುರ್ಚಿ ಖಾಲಿ ಉಳೀತದ. ಹೂ ಯಾರ ಮ್ಯಾಲೆ ಬೀಳಬೇಕು? ಆದ್ದರಿಂದ ಈ ನನ್ನ ಸೀಟನ್ನ, ದುಡಿದು ಬಂದ ನಮ್ಮ ತಾಯಿ ಸೀತವ್ವಗ, ನಾನು ತುಂಬು ಹೃದಯದಿಂದ ಬಿಟ್ಟುಕೊಡ್ತೀನಿ!"

ಚಪ್ಪಾಳೆ ಬಿದ್ದವು. ಫೋಟೋದವರು ಓಡಿ ಬಂದರು. ಆನಂದೀಬಾಯಿ ಕಣ್ಣು ಒರೆಸಿಕೊಂಡರು. ಗೌತಮನಿಗೆ ಮಾತ್ರ ಎದೆಯೊಳಗೇ ಎಂಜಿನ್ನು ಶುರುವಾದ ಹಾಗಾಯಿತು. ಜಗಳವಿಲ್ಲ, ನೌಕರಿಗೆ ಸಂಚಕಾರವಿಲ್ಲ. ಸುತ್ತಿ ಸುತ್ತಿಯೇ ಅವ್ವನ ಸೀಟು ಗೆದ್ದಿದ್ದ! ನಸ್ರೀನ ಮೇಡಂ ಇದನ್ನು ಪಾಠದಲ್ಲಿ ಹೇಳಿರಲಿಲ್ಲ.

ಅಷ್ಟರಲ್ಲಿ ಇಮ್ರಾನ "ಶಿರಾ, ಉಪ್ಪಿಟ್ಟು ಬಂದೈತಿ" ಎಂದ. ಎಡಸುತ್ತಿನವರೂ ಬಲಸುತ್ತಿನವರೂ ಒಂದೇ ದಿಕ್ಕಿಗೆ ಓಡಿದರು. ವಿಮಾನದ ಸುತ್ತ ಒಂದು ನಾಯಿ ಉಳಿಯಿತು. ಸೀತವ್ವ ಎದ್ದು ಬಂದು ಅದನ್ನೂ ಓಡಿಸಿ, ಬಾಯಿ ಮೇಲೆ ಬೆರಳಿಟ್ಟುಕೊಂಡು ಕಾವಲು ನಿಂತಳು.

ಗೌತಮ ಸುತ್ತಿದ. ಬಾಲ, ರೆಕ್ಕೆ, ಎಣ್ಣೆ, ಪಂಖ, ನಳಿಕೆ, ಗಾಲಿ. ಮನಸ್ಸು ಕೈಯ ಜೊತೆಗೇ ನಡೆಯಿತು. ಒಂದೇ ಒಂದು ಮಾತು ಅಡ್ಡ ಬರಲಿಲ್ಲ. ವಿಮಾನ ಹೊಸ ಮದುಮಗಳ ಹಾಗೆ ಸಜ್ಜಾಗಿ ನಿಂತಿತ್ತು, ಹೊತ್ತೂ ಇತ್ತು. ಬಲಗಡೆಯ ಬಾಗಿಲು ತೆಗೆದು ಹಿಡಿದ.

"ಯವ್ವಾ, ಹತ್ತು."

ಸೀತವ್ವ ಸೀಟನ್ನು ನೋಡಿದಳು. ರಾಯರು ಕೂತು ಎದ್ದ ಜಾಗ ಬೆವರಿನಿಂದ ಒದ್ದೆಯಾಗಿತ್ತು.

"ಒರಸ್ತೇನಿ ತಡಿಬೇ." ಗೌತಮ ಕರ್ಚೀಪು ತೆಗೆದ.

"ಒರಸಬ್ಯಾಡಲೇ ತಮ್ಮಾ. ನಾ ಒಲ್ಲೆ."

"ಅಂಜಿಕಿ ಬಂತೇನು? ಎಲ್ಲಾ ನೋಡೇನಬೇ, ನಟ್ಟು ಬೋಲ್ಟು ಸಹಿತ."

"ನೀ ಹಾರಸೂದಕ್ಕ ನಾ ಯಾಕ ಅಂಜಲಿ? ಇವರು ಬಿಟ್ಟದ್ದು ಒಲ್ಲೆ ಅಂದೆ."

"ಸೀಟು ಮೊದಲ ನಿಂದs ಇತ್ತಲ್ಲಬೇ!"

"ಮೊದಲ ಇತ್ತು. ನಡುವ ಇಸಗೊಂಡ್ರು. ಈಗ ಬ್ಯಾಡಾಗೇತಿ, ಕೊಡಾಕತ್ತಾರ." ಸೀತವ್ವನ ದನಿಯಲ್ಲಿ ಸಿಟ್ಟಿರಲಿಲ್ಲ, ಇನ್ನೂ ನಗೆಯೇ ಉಳಿದಿತ್ತು. "ಆ ಬಾಯಾರು ಉಟ್ಟು ಬಿಟ್ಟ ಸೀರಿ ಉಟ್ಟೇನಿ. ಅವರು ಉಂಡು ಮಿಕ್ಕಿದ್ದು ಉಂಡೇನಿ. ಅವರ ಹುಡುಗ ತೊಟ್ಟು ಬಿಟ್ಟ ಅಂಗಿ ನಿನಗ ತೊಡಿಸಿ ಸಾಲಿಗೆ ಕಳಿಸೇನಿ. ಆವಾಗ ಬ್ಯಾರೆ ದಾರಿ ಇರಲಿಲ್ಲ, ಆತು. ಆಕಾಶನೂ ಅವರು ಬಿಟ್ಟದ್ದs ಬೇಕೇನಲೇ ನನಗ?"

ಗೌತಮ ಕರ್ಚೀಪನ್ನು ಜೇಬಿಗೆ ಇಟ್ಟುಕೊಂಡ.

ಶಿರಾದ ಪ್ಲೇಟು ಹಿಡಿದ ಜನ ಮತ್ತೆ ಮುತ್ತಿದರು. "ಹತ್ತಬೇ ಸೀತವ್ವಾ" ಎಂದು ಒಬ್ಬರು, "ಪುಣ್ಯಾ ಮಾಡೀದಿ ಹತ್ತು" ಎಂದು ಒಬ್ಬರು. ಮರೆಪ್ಪ ಅಕ್ಕನ ಕಿವಿಯಲ್ಲಿ, "ನೀ ಒಲ್ಲೆ ಅಂದ್ರ ನಾ ಕುಂದರ್ಲೇನು?" ಎಂದು ಕೇಳಿ ಗದ್ದಕ್ಕೆ ತಿವಿಸಿಕೊಂಡ. ಗೌತಮ ಎರಡೂ ಕೈ ಜೋಡಿಸಿದ.

"ಯವ್ವಾ, ನಿನ್ನ ಸಲುವಾಗಿ ಬಂದೇನಿ. ಇವತ್ತು ಬಿಟ್ರ ವಿಮಾನ ಇಲ್ಲಬೇ."

"ಇನ್ನೊಂದು ಸಲ ತಾ. ತಡಾ ಆದ್ರೂ ಆಗವಲ್ದ್ಯಾಕ. ಮೊದಲ ನಾ ಹತ್ತಿ, ಸಾಕಾಗುಮಟಾ ತಿರುಗಿ ಇಳಿತೇನಿ. ಆಮ್ಯಾಲೆ ನಾ ಬಿಟ್ಟ ಸೀಟು ಬೇಕಾದ್ರ ಸಾಹೇಬ್ರಿಗೆ ಕೊಡು."

ಇದು ಭೋಂಗಾದಲ್ಲಿ ಸ್ವಚ್ಛವಾಗಿ ಕೇಳಿಸಿತು. ಇಮ್ರಾನ ಯಾವಾಗಲೋ ಬಂದು ಮೈಕು ಹಿಡಿದು ನಿಂತಿದ್ದ. ಚೆಲ್ಲಾಪಿಲ್ಲಿಯಾಗಿ ನಿಂತಿದ್ದ ಮಂದಿಯೊಳಗಿಂದ, ಕೂಲಿಗೆ ಬರುವ ಹೆಂಗಸರು ಕೇಕೆ ಹಾಕಿ ನಕ್ಕರು. ಪ್ರಲ್ಹಾದರಾಯರ ಕೈಯಲ್ಲಿದ್ದ ಶಿರಾದ ಪ್ಲೇಟು ಓರೆಯಾಯಿತು.

"ಸೀತವ್ವಾ, ಹಟಾ ಮಾಡಬಾರದು. ಪೇಪರಿನವರು ಬಂದಾರ, ಎಲ್ಲಾರೂ ನೋಡ್ಲಿಕ್ಕತ್ತಾರ. ನಾನೇ ಹೇಳ್ಲಿಕ್ಕತ್ತೀನಿ, ಹತ್ತು!"

ಸೀತವ್ವ ಬನ್ನಿ ಗಿಡದ ನೆರಳಿಗೆ ಹೋಗಿ, ಕಾಲು ಚಾಚಿ ಕೂತು, ಬುತ್ತಿಯ ಗಂಟು ಬಿಚ್ಚಿದಳು.

"ಒಲ್ಲೆರಿ" ಎಂದಳು.